ನೆತ್ತರು, ಹೆಪ್ಪು ಮತ್ತು ಸೂಜಿ: ನೋವಿನ ಚಿಕಿತ್ಸೆಯಲ್ಲಿ ರಕ್ತಸ್ರಾವದ ಅಪಾಯ ಹಾಗೂ ಜನಪದ ತಿಳಿವಳಿಕೆ

1. ಪ್ರವೇಶ

ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮದ್ದಿನ ಗಿಡಗಳ ಸಂಗ್ರಹ, ವೈದ್ಯ ಮನೆತನಗಳ ಪರಿಚಯ, ಮಂತ್ರ ಮತ್ತು ಆಚರಣೆಗಳ ವಿವರಣೆ ಇವುಗಳ ಸುತ್ತಲೇ ಬೆಳೆದು ಬಂದಿವೆ. ರೋಗಿಯು ತನ್ನ ದೇಹವನ್ನು ಕುರಿತು ಆಡುವ ಮಾತು ಎಂಥದ್ದು, ಆ ಮಾತಿನ ಹಿಂದೆ ಯಾವ ಕಲ್ಪನೆಯಿದೆ, ಆಧುನಿಕ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಆ ಕಲ್ಪನೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಜಾನಪದವೆಂದರೆ ಅಳಿದುಹೋಗುತ್ತಿರುವುದರ ಸಂಗ್ರಹ ಮಾತ್ರವಲ್ಲ, ಬಳಕೆಯಲ್ಲಿರುವ ತಿಳಿವಳಿಕೆಯ ಅಧ್ಯಯನವೂ ಹೌದು ಎಂದು ಒಪ್ಪುವುದಾದರೆ ಈ ಪ್ರಶ್ನೆಗಳು ಜಾನಪದದ ಕಕ್ಷೆಯೊಳಗೇ ಬರುತ್ತವೆ.

ಇಂತಹ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು ಅಥವಾ ಕಾಲಿನ ರಕ್ತನಾಳದ ತೊಂದರೆಗಾಗಿ ‘ರಕ್ತ ತೆಳುವಾಗುವ ಮಾತ್ರೆ’ ಸೇವಿಸುತ್ತಿರುವ ವ್ಯಕ್ತಿಯೊಬ್ಬರು ಸೊಂಟನೋವಿಗೋ ಕತ್ತುನೋವಿಗೋ ಸೂಜಿಯ ಚಿಕಿತ್ಸೆಗೆ ಬರುತ್ತಾರೆ. ಸೂಜಿ ಚುಚ್ಚಿದಲ್ಲಿ ನೆತ್ತರು ನಿಲ್ಲದೆ ಹೋಗುವ ಅಪಾಯ ಒಂದು ಕಡೆ. ಮಾತ್ರೆಯನ್ನು ನಿಲ್ಲಿಸಿದರೆ ಹೃದಯದಲ್ಲೋ ಮೆದುಳಿನಲ್ಲೋ ನೆತ್ತರು ಗಟ್ಟಿಯಾಗುವ ಅಪಾಯ ಇನ್ನೊಂದು ಕಡೆ. ಅತ್ತ ದರಿ ಇತ್ತ ಪುಲಿ ಎಂಬಂಥ ಈ ಸ್ಥಿತಿಯನ್ನು ನಿಭಾಯಿಸಲು ವೈದ್ಯಶಾಸ್ತ್ರವು ಸ್ಪಷ್ಟವಾದ ಕ್ರಮಗಳನ್ನು ರೂಪಿಸಿಕೊಂಡಿದೆ. ಆದರೆ ಆ ಕ್ರಮಗಳೆಲ್ಲವೂ ಒಂದು ಸರಳ ಪ್ರಶ್ನೆಗೆ ರೋಗಿ ಕೊಡುವ ಉತ್ತರವನ್ನು ಅವಲಂಬಿಸಿವೆ. ಆ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ‘ತೆಳು’ ಎಂಬ ಆಮದಾದ ಮಾತು ರೋಗಿಯನ್ನು ದಾರಿ ತಪ್ಪಿಸುತ್ತದೆ. ‘ಹೆಪ್ಪು’ ಎಂಬ ಮನೆಯ ಮಾತು ಸರಿಯಾದ ತಿಳಿವಳಿಕೆಯ ಕಡೆಗೆ ಒಯ್ಯುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

2. ನೋವಿಗೆ ಚರ್ಮವನ್ನು ತೆರೆಯುವ ಕ್ರಮಗಳು

ಕನ್ನಡ ನಾಡಿನ ಜನಪದ ವೈದ್ಯದಲ್ಲಿ ನೋವಿಗೆ ಬಳಕೆಯಲ್ಲಿರುವ ಉಪಾಯಗಳನ್ನು ಅವು ಚರ್ಮದ ಮೇಲೆ ಮಾಡುವ ಕೆಲಸದ ಆಧಾರದಿಂದ ಮೂರು ಬಗೆಯಾಗಿ ವಿಂಗಡಿಸಬಹುದು. ಚರ್ಮವನ್ನು ತೆರೆಯದ ಉಪಾಯಗಳು ಮೊದಲನೆಯ ಬಗೆ. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು, ಸೊಪ್ಪನ್ನು ಅರೆದು ಪಟ್ಟು ಹಾಕುವುದು, ಮಂತ್ರಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಂಡು ಉಳುಕು ತೆಗೆಸುವುದು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಚರ್ಮವನ್ನು ಸುಡುವ, ಆದರೆ ನೆತ್ತರು ಹರಿಸದ ಉಪಾಯಗಳು ಎರಡನೆಯ ಬಗೆ. ಕಾದ ಲೋಹದಿಂದ ಬರೆ ಹಾಕುವುದು ಇದಕ್ಕೆ ಉದಾಹರಣೆ. ಮೂರನೆಯ ಬಗೆಯಲ್ಲಿ ಚರ್ಮವನ್ನು ಗೀರಿ ಅಥವಾ ಕಚ್ಚಿಸಿ ನೆತ್ತರನ್ನು ಹೊರಗೆ ತೆಗೆಯಲಾಗುತ್ತದೆ. ಕೊಂಬು ಹಚ್ಚಿ ರಕ್ತ ಹೀರುವುದು ಮತ್ತು ಜಿಗಣೆ ಹಿಡಿಸುವುದು ಈ ಬಗೆಯ ಮುಖ್ಯ ರೂಪಗಳು. ನೋವಿರುವ ಜಾಗದಲ್ಲಿ ‘ಕೆಟ್ಟ ನೆತ್ತರು’ ನಿಂತಿದೆ, ಅದನ್ನು ಹೊರಗೆ ಬಿಟ್ಟರೆ ನೋವು ಇಳಿಯುತ್ತದೆ ಎಂಬ ಕಲ್ಪನೆ ಈ ಚಿಕಿತ್ಸೆಗಳ ಬುಡದಲ್ಲಿದೆ.

ಈ ಮೂರನೆಯ ಬಗೆಗೆ ಶಾಸ್ತ್ರದ ಆಧಾರವೂ ಉಂಟು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಜಿಗಣೆಗಳನ್ನು ಕುರಿತ ಪ್ರತ್ಯೇಕ ಅಧ್ಯಾಯವಿದೆ. ಅಲ್ಲಿ ಹನ್ನೆರಡು ಜಾತಿಯ ಜಿಗಣೆಗಳನ್ನು ಹೇಳಿ, ಆರು ವಿಷವುಳ್ಳವು, ಆರು ವಿಷವಿಲ್ಲದವು ಎಂದು ವಿಂಗಡಿಸಲಾಗಿದೆ. ಕೊಂಬು, ಸೋರೆಬುರುಡೆ, ಜಿಗಣೆ ಈ ಮೂರರ ಬಳಕೆಯ ವಿಧಾನವೂ ಅಲ್ಲಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ಎರಡು ಸಂಗತಿಗಳು ಅದರ ಮುಂದಿನ ಅಧ್ಯಾಯದಲ್ಲಿ ಕಂಡುಬರುತ್ತವೆ.

ಮೊದಲನೆಯದು, ಯಾರಿಗೆ ನೆತ್ತರು ತೆಗೆಯಬಾರದು ಎಂಬ ಪಟ್ಟಿ. ಮೈಯೆಲ್ಲ ಬಾತವರು, ಬಿಳಿಚಿಕೊಂಡ ಪಾಂಡುರೋಗಿಗಳು, ಮೂಲವ್ಯಾಧಿಯವರು, ಹೊಟ್ಟೆಯುಬ್ಬರದ ಉದರ ರೋಗಿಗಳು, ಸೊರಗಿದವರು, ಗರ್ಭಿಣಿಯರು ಈ ಪಟ್ಟಿಯಲ್ಲಿ ಸೇರಿದ್ದಾರೆ. ಎರಡನೆಯದು, ಹರಿಯತೊಡಗಿದ ನೆತ್ತರನ್ನು ನಿಲ್ಲಿಸುವ ನಾಲ್ಕು ಉಪಾಯಗಳು: ಒಗರು ದ್ರವ್ಯಗಳಿಂದ ಗಾಯದ ಬಾಯನ್ನು ಕೂಡಿಸುವುದು, ತಂಪಿನಿಂದ ನೆತ್ತರನ್ನು ಗಟ್ಟಿಗೊಳಿಸುವುದು, ಬೂದಿಯಿಂದ ಒಣಗಿಸುವುದು, ಕೊನೆಗೆ ಸುಟ್ಟು ನಾಳವನ್ನು ಕುಗ್ಗಿಸುವುದು. ಗಾಯಕ್ಕೆ ಅರಿಶಿನದ ಪುಡಿ ಒತ್ತುವ, ಕಾಫಿ ಪುಡಿ ಮೆತ್ತುವ, ಸುಟ್ಟ ಬಟ್ಟೆಯ ಬೂದಿ ಹಾಕುವ ಮನೆಮದ್ದುಗಳನ್ನು ಈ ನಾಲ್ಕು ಉಪಾಯಗಳ ಸಾಲಿನಲ್ಲಿಟ್ಟು ನೋಡಬಹುದು.

ನೆತ್ತರು ಹರಿಸುವ ಮುನ್ನ ಅದು ನಿಲ್ಲುವುದೇ ಎಂದು ಯೋಚಿಸಬೇಕು, ನಿಲ್ಲದಿದ್ದರೆ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು ಎಂಬ ವಿವೇಕ ಈ ಎರಡು ಸಂಗತಿಗಳಲ್ಲಿ ಅಡಗಿದೆ. ಆದರೆ ಹಳೆಯ ಪಟ್ಟಿಯಲ್ಲಿ ಒಬ್ಬ ರೋಗಿ ಇಲ್ಲ. ನೋಡಲು ಆರೋಗ್ಯವಾಗಿರುವ, ಬಾತಿರದ, ಬಿಳಿಚಿಕೊಳ್ಳದ, ಆದರೆ ದಿನನಿತ್ಯ ನುಂಗುವ ಮಾತ್ರೆಯಿಂದಾಗಿ ನೆತ್ತರು ಬೇಗ ನಿಲ್ಲದ ವ್ಯಕ್ತಿ ಆ ಕಾಲಕ್ಕೆ ಇರಲು ಸಾಧ್ಯವಿರಲಿಲ್ಲ. ಆ ರೋಗಿ ಇಪ್ಪತ್ತನೆಯ ಶತಮಾನದ ಸೃಷ್ಟಿ.

3. ಜಿಗಣೆಯ ಬಾಯಿ ಮತ್ತು ಹಾಲಿನ ಕ್ಯಾನು

ನೆತ್ತರು ಗಟ್ಟಿಯಾಗದಂತೆ ತಡೆಯುವ ಔಷಧಗಳ ಚರಿತ್ರೆಯಲ್ಲಿ ಜನಪದ ಜೀವನದ ಎರಡು ನೆಲೆಗಳು ಎದುರಾಗುತ್ತವೆ. ಒಂದು ಜಿಗಣೆ, ಇನ್ನೊಂದು ದನದ ಕೊಟ್ಟಿಗೆ.

ಜಿಗಣೆ ಕಚ್ಚಿ ಬಿಟ್ಟ ಜಾಗದಲ್ಲಿ ಗಂಟೆಗಟ್ಟಲೆ ನೆತ್ತರು ಜಿನುಗುತ್ತಿರುತ್ತದೆ ಎಂಬುದು ಮಲೆನಾಡಿನ ಗದ್ದೆ, ಕಾಡುಗಳಲ್ಲಿ ಇಂಬಳದಿಂದ ಕಚ್ಚಿಸಿಕೊಂಡ ಯಾರಿಗೂ ತಿಳಿದ ವಿಷಯ. ಇದಕ್ಕೆ ಜಿಗಣೆಯ ಜೊಲ್ಲಿನಲ್ಲಿರುವ ದ್ರವ್ಯವೇ ಕಾರಣವೆಂಬುದನ್ನು 1884ರಲ್ಲಿ ಜಾನ್ ಬೆರಿ ಹೇಕ್ರಾಫ್ಟ್ ತೋರಿಸಿದರು. ಮುಂದೆ ಅದಕ್ಕೆ ‘ಹಿರುಡಿನ್’ ಎಂಬ ಹೆಸರು ಬಂದಿತು. 1950ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಮಾರ್ಕ್‌ವಾರ್ಟ್ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇಂದು ಹೃದಯದ ರಕ್ತನಾಳದ ಚಿಕಿತ್ಸೆಯಲ್ಲಿ ಬಳಕೆಯಾಗುವ ಬೈವಾಲಿರುಡಿನ್ ಎಂಬ ಔಷಧ ಹಿರುಡಿನ್‌ನ ಮಾದರಿಯಲ್ಲೇ ರೂಪಿಸಿದ್ದು. ಕೆಟ್ಟ ನೆತ್ತರು ತೆಗೆಯುವ ಸಾಧನವೆಂದು ಜನಪದರು ಬಳಸಿದ ಜೀವಿಯ ಬಾಯಲ್ಲೇ ನೆತ್ತರನ್ನು ಹರಿಯುವಂತೆ ಇಡುವ ಮದ್ದೂ ಇತ್ತೆಂದಾಯಿತು.

ಎರಡನೆಯ ಕಥೆ ಉತ್ತರ ಅಮೆರಿಕದ್ದು. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ರೈತರ ದನಗಳು ನೆತ್ತರು ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸುವುದು, ಬೀಜ ಒಡೆಯುವುದು ಮುಂತಾದ ಸಣ್ಣ ಕೆಲಸಗಳನ್ನು ಮಾಡಿದಾಗ ಆರೋಗ್ಯವಾಗಿ ಕಾಣುತ್ತಿದ್ದ ದನಗಳೂ ನೆತ್ತರು ನಿಲ್ಲದೆ ಸತ್ತವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲನ್ನು ಮೇಯಿಸಿದ್ದೇ ಇದಕ್ಕೆ ಕಾರಣವೆಂಬುದನ್ನು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಹಿಮ ಬೀಳುತ್ತಿದ್ದ ದಿನ ಸತ್ತ ಕಡಸು, ಹಾಳಾದ ಹುಲ್ಲು ಮತ್ತು ಹಾಲಿನ ಕ್ಯಾನಿನ ತುಂಬ ಗಟ್ಟಿಯಾಗದ ನೆತ್ತರನ್ನು ಹೊತ್ತು ಮ್ಯಾಡಿಸನ್‌ನ ವಿಶ್ವವಿದ್ಯಾಲಯಕ್ಕೆ ಬಂದ. ಅದು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯವನ್ನು ಮುಟ್ಟಿತು. ಅಲ್ಲಿ ನಡೆದ ಆರೇಳು ವರ್ಷಗಳ ಶೋಧನೆಯಿಂದ ಡೈಕುಮರಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಲಾಯಿತು. ಅದೇ ಕುಟುಂಬದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿಯೂ 1954ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂದಿತು.

ಈ ಎರಡನೆಯ ಕಥೆಯ ಒಂದು ಅಂಶ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹುಲ್ಲು ತಿಂದ ದನಗಳಲ್ಲಿ ದೋಷವಿದೆಯೆಂಬುದು ಎಷ್ಟೋ ಸಲ ಕೊಂಬು ಕತ್ತರಿಸುವವರೆಗೆ ತಿಳಿಯುತ್ತಿರಲಿಲ್ಲ. ಹೊರಗೆ ಕಾಣದ ಸ್ಥಿತಿ ಸಣ್ಣ ಗಾಯದಲ್ಲಿ ಬಯಲಾಗುತ್ತಿತ್ತು. ಮಾತ್ರೆ ಸೇವಿಸುವ ರೋಗಿಯ ವಿಷಯದಲ್ಲೂ ಸೂಜಿಯೇ ಮೊದಲ ಪರೀಕ್ಷೆಯಾಗಿಬಿಡಬಾರದು ಎಂಬುದಕ್ಕಾಗಿಯೇ ಮುಂಚಿತವಾಗಿ ಪ್ರಶ್ನೆ ಕೇಳುವ ಕ್ರಮ ರೂಪುಗೊಂಡಿದೆ.

4. ‘ತೆಳು’ ಮತ್ತು ‘ಹೆಪ್ಪು’

ಈ ಔಷಧಗಳನ್ನು ಕನ್ನಡದಲ್ಲಿ ‘ರಕ್ತ ತೆಳುವಾಗುವ ಮಾತ್ರೆ’ ಎಂದು ಕರೆಯುವ ರೂಢಿ ಇಂಗ್ಲಿಷಿನ ಆಡುಮಾತಿನ ಅನುವಾದದಿಂದ ಬಂದದ್ದು. ವಾಸ್ತವವಾಗಿ ಈ ಔಷಧಗಳು ರಕ್ತವನ್ನು ತೆಳು ಮಾಡುವುದಿಲ್ಲ. ರಕ್ತದ ಸಾಂದ್ರತೆ ಹಾಗೆಯೇ ಇರುತ್ತದೆ; ಅದು ಗಟ್ಟಿಯಾಗುವ ಕ್ರಿಯೆ ಮಾತ್ರ ತಡವಾಗುತ್ತದೆ.

ಕನ್ನಡದ ಜನಪದ ದೇಹಕಲ್ಪನೆಯಲ್ಲಿ ತೆಳುವಾದ ನೆತ್ತರು ಎಂದರೆ ಶಕ್ತಿಯಿಲ್ಲದ ನೆತ್ತರು. ‘ನೆತ್ತರು ನೀರಾಗಿದೆ’ ಎಂಬ ಮಾತು ನಿಶ್ಶಕ್ತಿಯನ್ನೂ ರಕ್ತಹೀನತೆಯನ್ನೂ ಸೂಚಿಸುತ್ತದೆ. ಆದ್ದರಿಂದ ‘ರಕ್ತ ತೆಳುವಾಗುವ ಮಾತ್ರೆ’ ಎಂದಾಗ ಅದು ಮೈಯ ಬಲವನ್ನು ಇಳಿಸುವ ಮಾತ್ರೆಯೆಂಬ ಅರ್ಥ ಹುಟ್ಟುತ್ತದೆ. ಇದರಿಂದ ಎರಡು ಬಗೆಯ ತಪ್ಪುಗಳಿಗೆ ದಾರಿಯಾಗುತ್ತದೆ. ಸುಸ್ತು ಎನಿಸಿದಾಗ ಮಾತ್ರೆಯನ್ನು ತಾವಾಗಿಯೇ ಬಿಡುವುದು ಒಂದು. ‘ನೆತ್ತರು ತುಂಬಿಸಿಕೊಳ್ಳಲು’ ಬೀಟ್‌ರೂಟು, ಖರ್ಜೂರ ತಿಂದರೆ ಮಾತ್ರೆಯ ತೊಂದರೆ ಸರಿಹೋಯಿತೆಂದು ನಂಬಿ ವೈದ್ಯರಿಗೆ ಅದನ್ನು ಹೇಳದೆ ಇರುವುದು ಇನ್ನೊಂದು. ರಕ್ತ ಹೆಚ್ಚಿಸುವುದಕ್ಕೂ ರಕ್ತ ಗಟ್ಟಿಯಾಗುವುದಕ್ಕೂ ಸಂಬಂಧವಿಲ್ಲವೆಂಬುದು ‘ತೆಳು’ ಎಂಬ ಮಾತಿನಿಂದ ಹೊಳೆಯುವುದಿಲ್ಲ.

ಇದಕ್ಕೆ ಬದಲಾಗಿ ಕನ್ನಡದಲ್ಲಿ ಮೊದಲಿನಿಂದ ಇರುವ ಮಾತು ‘ಹೆಪ್ಪುಗಟ್ಟು’. ಹಾಲನ್ನು ಮೊಸರಾಗಿಸಲು ಹಾಕುವ ಮಜ್ಜಿಗೆಯೋ ಮೊಸರೋ ‘ಹೆಪ್ಪು’. ಹೆಪ್ಪಿನ ಲಕ್ಷಣಗಳು ಅಡುಗೆಮನೆಯ ಅನುಭವದಲ್ಲಿ ಚೆನ್ನಾಗಿ ಬೇರೂರಿವೆ. ಹಾಲು ತೀರ ಬಿಸಿಯಿದ್ದರೆ ಹೆಪ್ಪು ಹಿಡಿಯುವುದಿಲ್ಲ, ಚಳಿಗಾಲದಲ್ಲಿ ತಡವಾಗುತ್ತದೆ, ಹೆಪ್ಪು ಹಳಸಿದ್ದರೆ ಮೊಸರು ಕೆಡುತ್ತದೆ. ದೀಪ ಹಚ್ಚಿದ ಮೇಲೆ ಹೆಪ್ಪನ್ನು ನೆರೆಮನೆಗೆ ಕೊಡಬಾರದೆಂಬ ನಂಬಿಕೆಯೂ ಹಲವೆಡೆ ಇದೆ. ಅದೇ ನಿಷೇಧ ಉಪ್ಪಿಗೂ ಸೂಜಿಗೂ ಅನ್ವಯಿಸುತ್ತದೆ.

ನೆತ್ತರು ಗಟ್ಟಿಯಾಗುವುದನ್ನು ವಿವರಿಸಲು ಈ ರೂಪಕ ಬಹುಮಟ್ಟಿಗೆ ಸಮರ್ಪಕವಾಗಿದೆ. ಹಾಲಿನಲ್ಲಿ ಕರಗಿರುವ ಪ್ರೋಟೀನು ಹೆಪ್ಪಿನ ಹುಳಿಯಿಂದ ಒಂದಕ್ಕೊಂದು ಹೆಣೆದುಕೊಂಡು ಮೊಸರಾಗುವಂತೆ, ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಥ್ರಾಂಬಿನ್ ಎಂಬ ಕಿಣ್ವದಿಂದ ಎಳೆಗಳಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ಹಾಲಿಗೆ ನೀರು ಬೆರೆಸಿದರೆ ಹಾಲು ತೆಳುವಾಗುತ್ತದೆ. ಹೆಪ್ಪು ಹಾಕದಿದ್ದರೆ ಹಾಲು ತೆಳುವಾಗುವುದಿಲ್ಲ, ಮೊಸರೂ ಆಗುವುದಿಲ್ಲ, ಹಾಲಾಗಿಯೇ ಉಳಿಯುತ್ತದೆ. ಔಷಧ ಮಾಡುವುದು ಈ ಎರಡನೆಯ ಕೆಲಸವನ್ನು.

ಔಷಧಗಳ ಬಗೆಗಳನ್ನೂ ಇದೇ ರೂಪಕದಿಂದ ಬಿಡಿಸಿ ಹೇಳಬಹುದು. ವಾರ್ಫರಿನ್ ಮತ್ತು ನಮ್ಮಲ್ಲಿ ಬಳಕೆಯಲ್ಲಿರುವ ಅದರ ಸೋದರ ಅಸೆನೊಕುಮರಾಲ್, ಯಕೃತ್ತು ವಿಟಮಿನ್ ಕೆ ನೆರವಿನಿಂದ ತಯಾರಿಸುವ ಹೆಪ್ಪಿನ ಅಂಶಗಳನ್ನೇ ಕಡಿಮೆ ಮಾಡುತ್ತವೆ. ಮಾತ್ರೆ ನಿಲ್ಲಿಸಿದರೂ ಹೊಸ ಹೆಪ್ಪು ತಯಾರಾಗಲು ದಿನಗಳು ಬೇಕಾಗುತ್ತವೆ. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚಿರುವುದರಿಂದ ಇವುಗಳನ್ನು ಸೇವಿಸುವವರು ಮಸ್ಸೊಪ್ಪು, ಬಸ್ಸಾರುಗಳನ್ನು ಬಿಡಬೇಕಾಗಿಲ್ಲ. ಆದರೆ ಪ್ರಮಾಣವನ್ನು ಒಮ್ಮೆಲೇ ಏರಿಸುವುದು, ಇಳಿಸುವುದು ಸಲ್ಲದು. ಹೆಪರಿನ್, ಡೆಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಇವು ತಯಾರಾಗಿರುವ ಹೆಪ್ಪಿನ ಕೈಯನ್ನು ಕಟ್ಟಿಹಾಕುತ್ತವೆ. ಇವುಗಳ ಪ್ರಭಾವ ಬೇಗ ಇಳಿಯುತ್ತದೆ. ಡೆಬಿಗಾಟ್ರಾನ್ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ತಡವಾಗುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಇವುಗಳದು ಬೇರೆಯೇ ದಾರಿ. ಹೆಪ್ಪುಗಟ್ಟುವ ಮುನ್ನ ಗಾಯದ ಬಾಯಿಗೆ ಓಡಿಬಂದು ಅಂಟಿಕೊಳ್ಳುವ ಪ್ಲೇಟ್‌ಲೆಟ್ ಎಂಬ ಕಿರುಕಣಗಳನ್ನು ಇವು ತಡೆಯುತ್ತವೆ. ಆಸ್ಪಿರಿನ್ ತಾಗಿದ ಕಣ ತನ್ನ ಆಯುಷ್ಯವಿಡೀ, ಅಂದರೆ ಏಳರಿಂದ ಹತ್ತು ದಿನ, ಮತ್ತೆ ಮೊದಲಿನಂತಾಗುವುದಿಲ್ಲ.

5. ಬೆನ್ನುಹುರಿಯ ಬಳಿಯ ಸೂಜಿ

ನೋವಿನ ವಿಶೇಷ ಚಿಕಿತ್ಸಾಲಯಗಳಲ್ಲಿ ಇಂದು ನಡೆಯುವ ಸೂಜಿಯ ಚಿಕಿತ್ಸೆಗಳು ಹಲವು ಬಗೆಯವು. ಬಿಗಿದ ಸ್ನಾಯುವಿನ ಗಂಟಿಗೆ, ಮಂಡಿ ಅಥವಾ ಹೆಗಲ ಕೀಲಿಗೆ ಕೊಡುವ ಚುಚ್ಚುಮದ್ದಿನಿಂದ ಹಿಡಿದು, ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ ಬೆನ್ನೆಲುಬಿನ ಸಂದಿಗೆ ಸ್ಟೀರಾಯ್ಡ್ ಹರಿಸುವ ಎಪಿಡ್ಯೂರಲ್ ಚುಚ್ಚುಮದ್ದು, ಬೆನ್ನುಹುರಿಯ ಬಳಿ ವಿದ್ಯುತ್ ತಂತಿಯನ್ನು ಅಳವಡಿಸುವ ಕ್ರಮದವರೆಗೆ ಇವು ಹರಡಿವೆ.

ಗಾಯ ಹೊರಗಿದ್ದರೆ ಬೆರಳಿನಿಂದ ಒತ್ತಿಹಿಡಿಯಬಹುದು. ಜನಪದ ವೈದ್ಯರ ಕೊಂಬು, ಜಿಗಣೆಗಳ ಗಾಯ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಎಪಿಡ್ಯೂರಲ್ ಸ್ಥಳದ ಗಾಯ ಹಾಗಲ್ಲ. ಬೆನ್ನುಹುರಿಯ ಹೊದಿಕೆಗೂ ಮೂಳೆಯ ಗೋಡೆಗೂ ನಡುವಿನ ಆ ಕಿರಿದಾದ ಜಾಗದಲ್ಲಿ ಅಭಿಧಮನಿಗಳ ಜಾಲವೇ ಇದೆ. ಸೂಜಿ ತಾಗಿ ಅಲ್ಲಿ ನೆತ್ತರು ಸೋರಿದರೆ ಒತ್ತುವ ದಾರಿಯಿಲ್ಲ. ಸುತ್ತ ಮೂಳೆಯಿರುವುದರಿಂದ ಹಿಗ್ಗಲು ಜಾಗವೂ ಇಲ್ಲ. ಶೇಖರವಾದ ನೆತ್ತರು ಬೆನ್ನುಹುರಿಯನ್ನೂ ನರಗಳನ್ನೂ ಅದುಮುತ್ತದೆ. ಹರಿಯುವ ನೆತ್ತರಿನ ಪ್ರಮಾಣ ಅಲ್ಪವಾದರೂ ಕಾಲುಗಳು ಬಲ ಕಳೆದುಕೊಳ್ಳಬಹುದು.

ಇಂತಹ ಘಟನೆ ಬಹಳ ಅಪರೂಪ. ಬೆನ್ನಿಗೆ ಕೊಡುವ ಅರಿವಳಿಕೆಯನ್ನು ಕುರಿತ ಹಳೆಯ ಅಂದಾಜಿನಂತೆ ಎಪಿಡ್ಯೂರಲ್ ಕ್ರಮದಲ್ಲಿ 1,50,000ಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಹೆಪ್ಪು ತಡೆಯುವ ಔಷಧ ಜೊತೆಗಿದ್ದಾಗ ಈ ಲೆಕ್ಕ ಬದಲಾಗುತ್ತದೆ. ಅಮೆರಿಕದಲ್ಲಿ 1993ರಲ್ಲಿ ಎನಾಕ್ಸಪಾರಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಬೆನ್ನಿನ ಅರಿವಳಿಕೆ ಪಡೆದವರಲ್ಲಿ ಇಂತಹ ರಕ್ತಸ್ರಾವದ ವರದಿಗಳು ಒಂದರ ಹಿಂದೆ ಒಂದರಂತೆ ಬಂದವು. 1997ರ ಡಿಸೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಅಮೆರಿಕದ ಪ್ರಾದೇಶಿಕ ಅರಿವಳಿಕೆ ಮತ್ತು ನೋವು ವೈದ್ಯರ ಸಂಘವು ಯೂರೋಪಿನ ಸಂಘಗಳೊಡನೆ ಸೇರಿ ನೋವಿನ ಚಿಕಿತ್ಸೆಗೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನು 2015ರಲ್ಲಿಯೂ ಅದರ ಎರಡನೆಯ ಆವೃತ್ತಿಯನ್ನು 2018ರಲ್ಲಿಯೂ ಪ್ರಕಟಿಸಿತು.

ಆ ಮಾರ್ಗಸೂಚಿಯು ಚಿಕಿತ್ಸೆಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಮೂರು ವರ್ಗ ಮಾಡುತ್ತದೆ. ಸ್ನಾಯುವಿನ ಗಂಟು, ಕೈಕಾಲಿನ ಕೀಲು, ಹೊರಮೈಯ ನರ ಇವುಗಳಿಗೆ ಕೊಡುವ ಚುಚ್ಚುಮದ್ದು ಕಡಿಮೆ ಅಪಾಯದ್ದು. ಎಪಿಡ್ಯೂರಲ್ ಚುಚ್ಚುಮದ್ದುಗಳು ಮಧ್ಯಮ ಅಪಾಯದವು. ಬೆನ್ನುಹುರಿಗೆ ತಂತಿ ಅಳವಡಿಸುವುದು, ಔಷಧದ ಪಂಪು ಇಡುವುದು, ಮುರಿದ ಬೆನ್ನೆಲುಬಿಗೆ ಸಿಮೆಂಟು ತುಂಬುವುದು ಹೆಚ್ಚಿನ ಅಪಾಯದವು. ಜನಪದ ಚಿಕಿತ್ಸೆಗಳನ್ನು ಚರ್ಮದ ಮೇಲಿನ ಕೆಲಸದಿಂದ ವಿಂಗಡಿಸಿದಂತೆ ಇಲ್ಲಿ ಸೂಜಿ ಹೋಗುವ ಆಳ ಮತ್ತು ಅಲ್ಲಿ ನೆತ್ತರು ಸೋರಿದರೆ ಆಗುವ ಹಾನಿ ವಿಂಗಡಣೆಯ ಆಧಾರವಾಗಿದೆ. ರೋಗಿಗೆ ವಯಸ್ಸಾಗಿದ್ದರೆ, ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟಿದ್ದರೆ, ಒಂದಕ್ಕಿಂತ ಹೆಚ್ಚು ಬಗೆಯ ಔಷಧ ಸೇವಿಸುತ್ತಿದ್ದರೆ ಕಡಿಮೆ ಅಪಾಯದ ಚಿಕಿತ್ಸೆಯನ್ನೂ ಮೇಲಿನ ವರ್ಗದಲ್ಲಿಟ್ಟು ನೋಡಬೇಕಾಗುತ್ತದೆ.

6. ನಿಲ್ಲಿಸುವುದರ ಅಪಾಯ

ಹಾಗಾದರೆ ಸೂಜಿಗೆ ಮುನ್ನ ಮಾತ್ರೆ ನಿಲ್ಲಿಸಿದರಾಯಿತು ಎಂದುಕೊಳ್ಳುವುದು ಸಹಜ. ಮಧ್ಯಮ ಮತ್ತು ಹೆಚ್ಚಿನ ಅಪಾಯದ ಚಿಕಿತ್ಸೆಗಳಿಗೆ ಮಾರ್ಗಸೂಚಿ ಹೇಳುವ ಅವಧಿಗಳು ಹೀಗಿವೆ: ವಾರ್ಫರಿನ್‌ಗೆ ಐದು ದಿನ, ಜೊತೆಗೆ ರಕ್ತ ಪರೀಕ್ಷೆಯಲ್ಲಿ ಐಎನ್‌ಆರ್ ಸಹಜ ಮಟ್ಟಕ್ಕೆ ಬಂದಿರಬೇಕು, ಕ್ಲೋಪಿಡೋಗ್ರೆಲ್‌ಗೆ ಏಳು ದಿನ, ಟಿಕಾಗ್ರೆಲಾರ್‌ಗೆ ಐದು ದಿನ, ಡೆಬಿಗಾಟ್ರಾನ್‌ಗೆ ನಾಲ್ಕು ದಿನ, ಮೂತ್ರಪಿಂಡ ದುರ್ಬಲವಾಗಿದ್ದರೆ ಐದಾರು ದಿನ, ರಿವರೋಕ್ಸಬಾನ್, ಅಪಿಕ್ಸಬಾನ್‌ಗಳಿಗೆ ಮೂರು ದಿನ. ಆಸ್ಪಿರಿನ್ ವಿಷಯದಲ್ಲಿ ಚಿಕಿತ್ಸೆಯ ಬಗೆಯನ್ನೂ ರೋಗಿಯ ಹೃದಯದ ಸ್ಥಿತಿಯನ್ನೂ ತೂಗಿ ನೋಡಿ ನಿರ್ಧರಿಸಬೇಕು.

ಈ ಅಂಕಿಗಳು ವೈದ್ಯರ ಬಳಕೆಗೆ ಇರುವಂಥವೇ ಹೊರತು ರೋಗಿಯು ಮನೆಯಲ್ಲಿ ಕುಳಿತು ಎಣಿಸಿ ಮಾತ್ರೆ ಬಿಡಲು ಅಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು ಲೋಹದ ಕವಾಟ ಹಾಕಿಸಿಕೊಂಡವರಲ್ಲಿ ಮಾತ್ರೆ ನಿಂತರೆ ಕವಾಟದ ಮೇಲೇ ನೆತ್ತರು ಹೆಪ್ಪುಗಟ್ಟಬಹುದು. ಹೃದಯದ ನಾಳಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಸ್ಟೆಂಟೇ ಮುಚ್ಚಿಹೋಗಬಹುದು. ಹೃದಯದ ಬಡಿತ ಲಯ ತಪ್ಪಿದವರಲ್ಲಿ ಹೆಪ್ಪು ಮೆದುಳಿಗೆ ಸಾಗಿ ಪಾರ್ಶ್ವವಾಯು ಆಗಬಹುದು. ನಡುವಿನ ದಿನಗಳಿಗೆ ಹೆಪರಿನ್ ಚುಚ್ಚುಮದ್ದು ಕೊಡುವ ರೂಢಿಯೂ ಎಲ್ಲರಿಗೂ ಹಿತವಲ್ಲ. ಲಯ ತಪ್ಪಿದ ಹೃದಯದ ರೋಗಿಗಳಲ್ಲಿ ಅದರಿಂದ ರಕ್ಷಣೆ ಹೆಚ್ಚದೆ ರಕ್ತಸ್ರಾವ ಮಾತ್ರ ಹೆಚ್ಚಿತೆಂಬುದನ್ನು 2015ರಲ್ಲಿ ಪ್ರಕಟವಾದ ‘ಬ್ರಿಜ್’ ಅಧ್ಯಯನ ತೋರಿಸಿತು.

ಆದುದರಿಂದ ಮಾತ್ರೆ ಬರೆದುಕೊಟ್ಟ ವೈದ್ಯರೂ ಸೂಜಿ ಹಾಕುವ ವೈದ್ಯರೂ ಕೂಡಿ ತೀರ್ಮಾನಿಸಬೇಕೆಂಬುದು ಮಾರ್ಗಸೂಚಿಯ ತಿರುಳು. ಸೊಂಟನೋವಿನ ಸೂಜಿ ಸಾಮಾನ್ಯವಾಗಿ ತುರ್ತು ಚಿಕಿತ್ಸೆಯಲ್ಲ. ಅದನ್ನು ಕೆಲವು ತಿಂಗಳು ಮುಂದೂಡಬಹುದು. ಕಡಿಮೆ ಅಪಾಯದ ಬೇರೆ ಚಿಕಿತ್ಸೆ ಆರಿಸಬಹುದು. ಪಾರ್ಶ್ವವಾಯುವನ್ನು ಮುಂದೂಡಲಾಗದು.

7. ಪ್ರಶ್ನೆಯ ಭಾಷೆ

ಇಷ್ಟೆಲ್ಲ ಎಚ್ಚರದ ಮೊದಲ ಮೆಟ್ಟಿಲು ‘ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂಬ ಪ್ರಶ್ನೆ. ವೈದ್ಯರು ‘ಅಜ್ಜಿ, ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ತಗೋತೀರಾ?’ ಎಂದರೆ ‘ಇಲ್ಲಪ್ಪ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅಜ್ಜಿ ಸುಳ್ಳು ಹೇಳುತ್ತಿರುವುದಿಲ್ಲ. ಆಕೆಯ ಮಟ್ಟಿಗೆ ಅದು ‘ಎದೆ ಮಾತ್ರೆ’. ಜನಸಾಮಾನ್ಯರ ವರ್ಗೀಕರಣದಲ್ಲಿ ಮಾತ್ರೆಗೆ ಹೆಸರು ಬರುವುದು ಅದು ಮಾಡುವ ಕೆಲಸದಿಂದಲ್ಲ, ಅದು ಸೇರುವ ಅಂಗದಿಂದ ಅಥವಾ ರೋಗದಿಂದ: ಬೀಪಿ ಮಾತ್ರೆ, ಸಕ್ಕರೆ ಮಾತ್ರೆ, ಎದೆ ಮಾತ್ರೆ, ಲಕ್ವದ ಮಾತ್ರೆ. ಆಸ್ಪಿರಿನ್ನನ್ನು ಕೊಬ್ಬು ಇಳಿಸುವ ಔಷಧದೊಡನೆ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುವ ಪದ್ಧತಿ ನಮ್ಮ ದೇಶದಲ್ಲಿರುವುದರಿಂದ ರೋಗಿಗೆ ಅದು ‘ಕೊಬ್ಬಿನ ಮಾತ್ರೆ’ ಮಾತ್ರವಾಗಿ ತೋರುತ್ತದೆ. ಅಂಗಡಿಯಲ್ಲಿ ಕೊಂಡು ನುಂಗಿದ ತಲೆನೋವಿನ ಮಾತ್ರೆಯಂತೂ ಎಣಿಕೆಗೇ ಬರುವುದಿಲ್ಲ.

‘ನರ’ ಎಂಬ ಪದದ ತೊಡಕು ಇನ್ನೂ ಸೂಕ್ಷ್ಮವಾದುದು. ಆಡುಗನ್ನಡದಲ್ಲಿ ನೋವನ್ನು ಒಯ್ಯುವ ತಂತುವೂ ನರವೇ, ನೆತ್ತರು ಹರಿಯುವ ನಾಳವೂ ನರವೇ. ‘ಕಾಲಿನ ನರಕ್ಕೆ ಮಾತ್ರೆ’ ಎಂದು ರೋಗಿ ಹೇಳಿದರೆ ಅದು ಜೋಮು ಹಿಡಿಯುವುದಕ್ಕೆ ಕೊಟ್ಟ ಮಾತ್ರೆ ಇರಬಹುದು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ್ದಕ್ಕೆ ಕೊಟ್ಟ ಅಪಿಕ್ಸಬಾನ್ ಕೂಡ ಇರಬಹುದು. ಮೊದಲನೆಯದಕ್ಕೂ ಸೂಜಿಗೂ ತೊಡಕಿಲ್ಲ, ಎರಡನೆಯದಕ್ಕೆ ಉಂಟು.

ಹೀಗಾಗಿ ಪ್ರಶ್ನೆಯನ್ನು ಜನರ ವರ್ಗೀಕರಣಕ್ಕೆ ಹೊಂದಿಸಿ ಬಿಡಿಸಿ ಕೇಳಬೇಕಾಗುತ್ತದೆ. ಎದೆಗೆಂದೋ ಲಕ್ವಕ್ಕೆಂದೋ ಕಾಲಿನ ಬಾವಿಗೆಂದೋ ದಿನಾ ನುಂಗುವ ಮಾತ್ರೆ ಇದೆಯೇ? ಹೃದಯಕ್ಕೆ ಸ್ಟೆಂಟ್ ಅಥವಾ ಕವಾಟ ಹಾಕಿದ್ದಾರೆಯೇ? ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣ ಬದಲಿಸುತ್ತಾರೆಯೇ? ಹಲ್ಲು ಕೀಳಿಸಿದಾಗ ನೆತ್ತರು ನಿಲ್ಲಲು ಹೊತ್ತು ಹಿಡಿಯಿತೇ? ಸ್ವಲ್ಪ ತಾಗಿದರೂ ಮೈ ಕಂದುಗಟ್ಟುತ್ತದೆಯೇ? ಈ ವಾರ ನೋವಿಗೆ ಅಂಗಡಿಯಿಂದ ಏನಾದರೂ ತಂದು ನುಂಗಿದಿರೇ? ನಾಟಿ ಔಷಧ, ಬೆಳ್ಳುಳ್ಳಿಯ ಗುಳಿಗೆ, ಮೀನೆಣ್ಣೆಯ ಗುಳಿಗೆ ತೆಗೆದುಕೊಳ್ಳುತ್ತೀರಾ? ಇವುಗಳ ಜೊತೆಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ತರುವಂತೆ ಹೇಳುವುದು ಎಲ್ಲಕ್ಕಿಂತ ಖಚಿತವಾದ ಉಪಾಯ.

ಚಿಕಿತ್ಸೆಯ ನಂತರದ ಎಚ್ಚರಿಕೆಯೂ ಮಾತಿನದೇ ಪ್ರಶ್ನೆ. ಬೆನ್ನಿನ ಸೂಜಿಯ ನಂತರ ಕೆಲವು ಗಂಟೆಗಳಲ್ಲಿ ಅಥವಾ ಮಾತ್ರೆಯನ್ನು ಮತ್ತೆ ಆರಂಭಿಸಿದ ಮೇಲೆ ಕೆಲವು ದಿನಗಳಲ್ಲಿ ಬೆನ್ನಿನಲ್ಲಿ ಹೊಸ ತೀವ್ರ ನೋವು, ಕಾಲಿನಲ್ಲಿ ಬಲಹೀನತೆ ಅಥವಾ ಜೋಮು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ಕಂಡುಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಂಆರ್‌ಐ ಚಿತ್ರ ತೆಗೆದು, ಶೇಖರವಾದ ನೆತ್ತರನ್ನು ಶಸ್ತ್ರಚಿಕಿತ್ಸೆಯಿಂದ ಎಂಟರಿಂದ ಹನ್ನೆರಡು ಗಂಟೆಗಳೊಳಗೆ ತೆಗೆದರೆ ಕಾಲಿನ ಬಲ ಮರಳುವ ಸಂಭವ ಹೆಚ್ಚು. ಆ ಹೊತ್ತಿನಲ್ಲಿ ‘ಅರಿವಳಿಕೆ ಇನ್ನೂ ಇಳಿದಿಲ್ಲ’, ‘ವಾಯು ಹಿಡಿದಿದೆ’ ಎಂದುಕೊಂಡು ಎಣ್ಣೆ ಹಚ್ಚಿ ನೀವುತ್ತ ರಾತ್ರಿ ಕಳೆದರೆ ಆ ಗಂಟೆಗಳು ಮರಳಿ ಬರುವುದಿಲ್ಲ.

ಇದು ಆಸ್ಪತ್ರೆಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಗೀರಿ ನೆತ್ತರು ಹೀರುವ ಚಿಕಿತ್ಸೆ ಹಿಜಾಮ ಎಂಬ ಹೆಸರಿನಲ್ಲಿ ನಗರಗಳಲ್ಲೂ ನಡೆಯುತ್ತಿದೆ. ಜಿಗಣೆ ಚಿಕಿತ್ಸೆ ಆಯುರ್ವೇದ, ಯುನಾನಿ ಪದ್ಧತಿಗಳಲ್ಲಿ ಉಳಿದುಬಂದಿದೆ. ಹೆಪ್ಪು ತಡೆಯುವ ಮಾತ್ರೆ ಸೇವಿಸುವವರಿಗೆ ಜಿಗಣೆ ಹಿಡಿಸಿದರೆ ಮಾತ್ರೆಯ ಮೇಲೆ ಹಿರುಡಿನ್ ಕೂಡ ಸೇರಿದಂತಾಗುತ್ತದೆ. ಇಂತಹವರಿಗೆ ಬಲವಾಗಿ ನೀವಿದರೂ ಸ್ನಾಯುವಿನೊಳಗೆ ನೆತ್ತರು ಇಳಿದು ಬಾವು ಬರಬಹುದು. ಆದ್ದರಿಂದ ಮಾತ್ರೆಯ ಪ್ರಶ್ನೆಯನ್ನು ಪಾರಂಪರಿಕ ವೈದ್ಯರೂ ಕೇಳುವುದು ಅಗತ್ಯ.

8. ಉಪಸಂಹಾರ

ನೆತ್ತರು ಹರಿಸುವ ಮುನ್ನ ರೋಗಿಯನ್ನು ಅರಿಯಬೇಕೆಂಬ ವಿವೇಕ ನಮ್ಮ ಶಾಸ್ತ್ರ ಪರಂಪರೆಯಲ್ಲಿದೆ; ನೆತ್ತರು ಹೇಗೆ ಗಟ್ಟಿಯಾಗುತ್ತದೆಂಬ ಕಲ್ಪನೆ ಹೆಪ್ಪು ಎಂಬ ಮಾತಿನಲ್ಲಿ ಪ್ರತಿ ಅಡುಗೆಮನೆಯಲ್ಲೂ ಇದೆ. ಸೂಜಿಯ ಚಿಕಿತ್ಸೆಯ ಸುರಕ್ಷತೆಗೆ ಬೇಕಾದ ತಿಳಿವಳಿಕೆಯ ಬುನಾದಿ ಜನರ ಬಳಿ ಈಗಾಗಲೇ ಉಂಟು. ಅದನ್ನು ಬಿಟ್ಟು ‘ತೆಳು’ ಎಂಬ ಮಾತನ್ನು ಎರವಲು ತಂದದ್ದರಿಂದ ಗೊಂದಲ ಬೆಳೆದಿದೆ. ಆಸ್ಪತ್ರೆಯ ಒಪ್ಪಿಗೆ ಪತ್ರಗಳಲ್ಲಿ, ಔಷಧದ ಚೀಟಿಗಳಲ್ಲಿ, ಆರೋಗ್ಯ ಕಾರ್ಯಕರ್ತೆಯರ ತರಬೇತಿಯಲ್ಲಿ ‘ಹೆಪ್ಪು ತಡೆಯುವ ಮಾತ್ರೆ’ ಎಂಬ ಹೆಸರನ್ನು ಬಳಕೆಗೆ ತರುವುದು ಸಣ್ಣ ಬದಲಾವಣೆಯಾದರೂ ಫಲವಿಲ್ಲದ್ದಲ್ಲ.

ಇದರ ಜೊತೆಗೆ ಒಂದೊಂದು ಪ್ರದೇಶದಲ್ಲೂ ಜನರು ತಾವು ಸೇವಿಸುವ ಮಾತ್ರೆಗಳಿಗೆ ಇಟ್ಟಿರುವ ಹೆಸರುಗಳನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸಿ ವೈದ್ಯರ ಕೈಗಿಡುವ ಕೆಲಸ ಜಾನಪದ ಸಂಶೋಧಕರಿಂದ ಆಗಬೇಕಾಗಿದೆ. ಗಾದೆ, ಒಗಟುಗಳ ಸಂಗ್ರಹದಷ್ಟೇ ಶಿಸ್ತು ಈ ಸಂಗ್ರಹಕ್ಕೂ ಸಲ್ಲುತ್ತದೆ. ನೆತ್ತರು ತೆಗೆಯಬಾರದವರ ಹಳೆಯ ಪಟ್ಟಿಯನ್ನು ಉಳಿಸಿಕೊಂಡು ಬಂದ ಪರಂಪರೆ ಅದಕ್ಕೆ ಈ ಕಾಲದ ಒಂದು ಸಾಲನ್ನು ಸೇರಿಸಿಕೊಳ್ಳಬೇಕು: ಹೆಪ್ಪು ತಡೆಯುವ ಮಾತ್ರೆ ನುಂಗುವವರನ್ನು, ಆ ಮಾತ್ರೆ ಕೊಟ್ಟ ವೈದ್ಯರನ್ನು ಕೇಳದೆ, ಚುಚ್ಚಬಾರದು.